ಪೂರ್ತಿ ಇಲ್ಲೇ ತಯಾರಾದ ಫ್ಯಾನ್ ಸಿಗುತ್ತಾ?

ಪ್ರಶ್ನೆ: ಇನ್ನು ಮುಂದೆ ಮನೆಗೆ ತರುವ ಸಾಮಾನೆಲ್ಲ ನಮ್ಮ ಸುತ್ತಮುತ್ತ ತಯಾರಾದದ್ದೇ ಆಗಿರಬೇಕು ಅಂತ ನಾನೂ ನಮ್ಮ ಯಜಮಾನರೂ ತೀರ್ಮಾನ ಮಾಡಿದೆವು. ಪೊರಕೆ, ಚಾಪೆ, ಟವೆಲ್, ಮರದ ಸ್ಟೂಲು ಸುಲಭವಾಗಿ ಸಿಕ್ಕವು. ಫ್ಯಾನಿನ ವಿಷಯಕ್ಕೆ ಬಂದಾಗ ದಾರಿ ಕಾಣಲಿಲ್ಲ. ಬಾರ್‌ಕೋಡಿನ ಮೊದಲ ಮೂರು ಅಂಕಿ ನೋಡಿದರೆ ಎಲ್ಲಿಯದು ಅಂತ ಗೊತ್ತಾಗುತ್ತದಂತೆ, ನಿಜವೇ? ಪೂರ್ತಿ ಇಲ್ಲಿಯದೇ ಆದ ಫ್ಯಾನ್ ಇದೆಯೇ?
– ಒಬ್ಬ ಗೃಹಿಣಿ

ಉತ್ತರ: ಮೊದಲು ಬಾರ್‌ಕೋಡ್ ವಿಷಯ ಮುಗಿಸಿಬಿಡೋಣ. ಅದನ್ನು ನಂಬಬೇಡಿ. 890 ಭಾರತಕ್ಕೆ, 690ರಿಂದ 699 ಚೀನಾಕ್ಕೆ ಅಂತ ಹಂಚಿರುವುದು ನಿಜ. ಆದರೆ ಕಂಪನಿ ಆ ನಂಬರನ್ನು ಯಾವ ದೇಶದ ಕಚೇರಿಯಿಂದ ಪಡೆಯಿತು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಸಾಮಾನು ಬೇರೆಲ್ಲೋ ತಯಾರಾಗಿರಬಹುದು. ಅದರ ಬದಲು ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿ. ತಯಾರಿಸಿದವರು, ಪ್ಯಾಕ್ ಮಾಡಿದವರು, ಮಾರುವವರು ಮೂವರೂ ಬೇರೆ ಬೇರೆ ಇರಬಹುದು. ಮಾರುವವರ ವಿಳಾಸ ನಿಮ್ಮ ಪಕ್ಕದ ಬೀದಿಯದ್ದೇ ಆದರೂ ಸಾಮಾನು ಅಲ್ಲಿ ತಯಾರಾಯಿತು ಅಂತೇನೂ ಅಲ್ಲ.

ಇನ್ನು ಫ್ಯಾನು. ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡೋದೇ ನನ್ನ ಕೆಲಸ, ಹಾಗಾಗಿ ಒಳಗಿನ ಸಂಗತಿ ಹೇಳುತ್ತೇನೆ. ಟೇಬಲ್ ಫ್ಯಾನಿನ ಹಿಂದಿನ ಮುಚ್ಚಳ ಬಿಚ್ಚಿದರೆ ಮೋಟಾರು ಕಾಣುತ್ತದೆ. ಅದರಲ್ಲಿ ಸುತ್ತಿದ ತಂತಿ, ಪಕ್ಕದಲ್ಲಿ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್, ತಿರುಗುವ ಕಂಬಿಗೆ (ಶಾಫ್ಟ್) ಆಸರೆಯಾಗಿ ಬುಷ್ ಇಲ್ಲವೇ ಬೇರಿಂಗ್. ಬೇರಿಂಗಿನ ಗ್ರೀಸ್ ಒರೆಸಿ, ಅಂಚಿಗೆ ಟಾರ್ಚ್ ಹಿಡಿದು ನೋಡಿದರೆ ಸಣ್ಣ ಅಕ್ಷರ ಕೊರೆದಿರುತ್ತದೆ. ಫ್ಯಾನಿನ ಮೇಲೆ ಒಂದು ದೇಶದ ಹೆಸರು, ಬೇರಿಂಗ್ ಮೇಲೆ ಇನ್ನೊಂದು ದೇಶದ್ದು, ಇಂಥದ್ದು ನನ್ನ ಕೈಗೆ ಎಷ್ಟೋ ಸಲ ಬಂದಿದೆ. ತಂತಿಯ ತಾಮ್ರ ಚಿಲಿಯ ಗಣಿಯದ್ದೂ ಆಗಿರಬಹುದು. ಪ್ರಪಂಚದಲ್ಲಿ ಅತಿ ಹೆಚ್ಚು ತಾಮ್ರ ತೆಗೆಯುವುದು ಅಲ್ಲೇ.

ಹಾಗಾಗಿ ಪೂರ್ತಿ ಇಲ್ಲಿಯದೇ ಆದ ಫ್ಯಾನ್ ಹುಡುಕುತ್ತಾ ಸುಮ್ನೆ ಸುಸ್ತಾಗಬೇಡಿ. ಕೆಲವು ದೇಶಗಳ ಕಾನೂನೂ ಅಷ್ಟು ಕೇಳುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 2017ರಿಂದ ಇರುವ ನಿಯಮದ ಪ್ರಕಾರ, ಕಾರ್ಖಾನೆಯ ಸಾಮಾನಿಗೆ ಆ ದೇಶದ ಹೆಸರು ಹಾಕಬೇಕಾದರೆ ತಯಾರಿಕೆ ಖರ್ಚಿನ ಕನಿಷ್ಠ 60% ಅಲ್ಲೇ ಆಗಿರಬೇಕು. ತನ್ನ ಹೆಸರನ್ನು ಅಷ್ಟು ಜೋಪಾನ ಮಾಡುವ ದೇಶವೇ 100% ಕೇಳುತ್ತಿಲ್ಲ, ಅಲ್ವಾ?

ಅಂಗಡಿಯಲ್ಲಿ ನೀವು ಕೇಳಬೇಕಾದದ್ದು ಬೇರೆ. ಜೋಡಿಸಿದ್ದು ಎಲ್ಲಿ? ಬಿಡಿಭಾಗ ಸಿಗುತ್ತಾ? ಮೈಗೆ ಸ್ಕ್ರೂ ಇದೆಯಾ, ಅಂಟು ಹಾಕಿ ಮುಚ್ಚಿಬಿಟ್ಟಿದ್ದಾರಾ? ಮೋಟಾರಿನಲ್ಲಿ ಸುತ್ತಿದ ತಂತಿ (ಕಾಯಿಲ್) ಸುಟ್ಟಾಗ ಮತ್ತೆ ತಂತಿ ಸುತ್ತಿಸಬಹುದಾದ (ವೈಂಡಿಂಗ್) ಫ್ಯಾನ್ ಕೊಂಡರೆ, ಅದರ ಮುಂದಿನ ಖರ್ಚೆಲ್ಲ ನಿಮ್ಮ ಹತ್ತಿರದ ಕೆಲಸಗಾರರಿಗೇ ಸೇರುತ್ತದೆ. ಅಂಟು ಹಾಕಿ ಮುಚ್ಚಿದ್ದು ಕೆಟ್ಟರೆ ಗುಜರಿಗೆ. ಚೀಟಿಯಲ್ಲಿ ಯಾವ ದೇಶದ ಹೆಸರಿದೆ ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ.

ಪೊರಕೆ, ಬಟ್ಟೆ, ಮರ, ಮಣ್ಣಿನ ಸಾಮಾನಿನಲ್ಲಿ ಮಾತ್ರ ನಿಮ್ಮ ಹಠ ಬಿಡಬೇಡಿ. ಅಲ್ಲಿ ಮಾಡಿದವರನ್ನೇ ಕಂಡು ಮಾತಾಡಬಹುದು. ಸ್ಟೂಲಿನ ಕಾಲು ಅಲ್ಲಾಡಿದರೆ ಅವರ ಹತ್ತಿರವೇ ಒಯ್ಯಬಹುದು. ಒಂದು ಎಚ್ಚರಿಕೆ: ಹೊಳಪಿನ ಲೇಪ ಕೊಟ್ಟ ಮಣ್ಣಿನ ಪಾತ್ರೆ ತಂದರೆ ಲೇಪದಲ್ಲಿ ಸೀಸ (ಲೆಡ್ ಅನ್ನುವ ವಿಷಕಾರಿ ಲೋಹ) ಇದೆಯೇ ಅಂತ ಕೇಳಿ. ಇದ್ದರೆ ಹುಳಿ ಪದಾರ್ಥ ಇಟ್ಟಾಗ ಅದು ಊಟಕ್ಕೆ ಇಳಿಯಬಹುದು. ಸರಿಯಾದ ಉತ್ತರ ಸಿಗದಿದ್ದರೆ ಆ ಪಾತ್ರೆ ಅಡುಗೆಗೆ ಬೇಡ.

ಪ್ರಶ್ನೆ: ಹೊರದೇಶದ ಹೆಸರಿದ್ದರೆ ಬಾಳಿಕೆ ಜಾಸ್ತಿ ಅಂತ ನಮ್ಮ ಅತ್ತೆಯ ವಾದ. ಏನು ಹೇಳಲಿ?

ಉತ್ತರ: ಜರ್ಮನಿಯ ಕಥೆ ಹೇಳಿ. ಹೊರಗಿನ ಮಾಲನ್ನು ತಮ್ಮದೆಂದು ಮಾರಬಾರದು ಅಂತ ಬ್ರಿಟನ್ 1887ರಲ್ಲಿ ಕಾನೂನು ತಂದಿತು. ಆಗ ಜರ್ಮನಿಯ ಮಾಲು ಕಳಪೆ ಅನ್ನುವ ಮಾತಿತ್ತು. ಹಾಗಾಗಿ ಅಲ್ಲಿಯ ಮಾಲಿನ ಮೇಲೆ ‘ಮೇಡ್ ಇನ್ ಜರ್ಮನಿ’ ಅಂತ ಬರೆಯತೊಡಗಿದರು. ಆಮೇಲೆ ಅದೇ ಹೆಸರು ಒಳ್ಳೆಯ ಮಾಲಿನ ಗುರುತಾಯಿತು. ಅಂದರೆ ಬರೀ ಹೆಸರು ನೋಡಿ ಬಾಳಿಕೆ ಹೇಳಲಾಗುವುದಿಲ್ಲ. ಅತ್ತೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಹೊಲಿಗೆ, ಬೆಸುಗೆ, ಹಿಡಿ ಎಷ್ಟು ಗಟ್ಟಿ ಅಂತ ಅವರೇ ಕೈಯಲ್ಲಿ ಹಿಡಿದು ನೋಡಲಿ.