ಫ್ರೀ ಏಜೆನ್ಸಿಗೆ ಮುಂಚೆ ಯಾವ ಎನ್‌ಬಿಎ ತಂಡದ ಮೇಲೆ ಭರವಸೆ ಇಡಬಹುದು?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕಾಂಟ್ರ್ಯಾಕ್ಟ್ ಮುಗಿದ ಆಟಗಾರರು ಬೇಸಿಗೆಯಲ್ಲಿ ಬೇರೆ ತಂಡ ಸೇರುವ ಕಾಲವೇ ಫ್ರೀ ಏಜೆನ್ಸಿ. ಅದಕ್ಕೆ ಮುಂಚೆ ನೀವು ಕ್ಯಾಪ್ ಸ್ಪೇಸ್, ಅಂದರೆ ಲೀಗ್ ಹಾಕಿದ ಸಂಬಳದ ಮಿತಿಯಲ್ಲಿ ಖಾಲಿ ಉಳಿದ ಜಾಗ, ಜಾಸ್ತಿ ಇರುವ ತಂಡಗಳನ್ನು ಮೇಲಿಟ್ಟು ಪಟ್ಟಿ ಮಾಡಿದ್ದೀರಿ. ಈ ಬೇಸಿಗೆ ಅವರದ್ದೇ ಅಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಇದೇ ಪಟ್ಟಿ ಇಟ್ಟುಕೊಂಡು ನಾನು 2008ರಿಂದ 2010ರವರೆಗೆ ಕಾದಿದ್ದೇನೆ.

ಆಗ ನ್ಯೂಜೆರ್ಸಿಯಲ್ಲಿದ್ದೆ, ಕೆಲಸ ಮ್ಯಾನ್‌ಹ್ಯಾಟನ್‌ನಲ್ಲಿ. ಮನೆಗೆ ಹೋಗುವ ಟ್ರೈನು ಪೆನ್ ಸ್ಟೇಷನ್‌ನಿಂದ ಹೊರಡುತ್ತದೆ. ಅದರ ತಲೆಯ ಮೇಲೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ನ್ಯೂಯಾರ್ಕ್ ನಿಕ್ಸ್ ತಂಡ ಆಡುವ ಕ್ರೀಡಾಂಗಣ. ಮ್ಯಾಚ್ ಇದ್ದ ಸಂಜೆ ನೀಲಿ, ಕಿತ್ತಳೆ ಬಣ್ಣದ ಜೆರ್ಸಿ ಹಾಕಿದವರ ನಡುವೆ ದಾರಿ ಬಿಡಿಸಿಕೊಂಡು ಕೆಳಗಿಳಿಯಬೇಕಿತ್ತು. ಹೀಗೆ ನಿಕ್ಸ್ ನನ್ನ ತಂಡವಾಯಿತು.

2008ರಲ್ಲಿ ಡಾನಿ ವಾಲ್ಶ್ ನಿಕ್ಸ್ ಅಧ್ಯಕ್ಷರಾಗಿ ಬಂದರು. ಅವರ ಯೋಜನೆ ಊರಿಗೆಲ್ಲ ಗೊತ್ತಿತ್ತು: 2010ರ ಜುಲೈ ಹೊತ್ತಿಗೆ ಸಂಬಳದ ಲೆಕ್ಕ ಖಾಲಿ ಮಾಡಬೇಕು, ಆಗಿನ ಅತಿ ದೊಡ್ಡ ಸ್ಟಾರ್ ಲೆಬ್ರಾನ್ ಜೇಮ್ಸ್‌ನನ್ನು ಕರೆತರಬೇಕು. ಆ ನವೆಂಬರ್‌ನಲ್ಲಿ ಒಂದೇ ದಿನ ನಿಕ್ಸ್‌ನ ಇಬ್ಬರು ಬೇರೆ ತಂಡಗಳ ಪಾಲಾದರು: ಜಮಾಲ್ ಕ್ರಾಫರ್ಡ್ ಗೋಲ್ಡನ್ ಸ್ಟೇಟ್‌ಗೆ ಹೋದ, ಜಾಕ್ ರ್‍ಯಾಂಡಾಲ್ಫ್ ಕ್ಲಿಪ್ಪರ್ಸ್‌ಗೆ ಹೋದ. ನನ್ನ ಹತ್ತಿರ ಒಂದು ಎಕ್ಸೆಲ್ ಹಾಳೆ ಇತ್ತು. ಅಡ್ಡಸಾಲಿಗೆ ಒಬ್ಬೊಬ್ಬ ಆಟಗಾರ, ಕಾಲಮ್ಮಿಗೆ ಒಂದೊಂದು ವರ್ಷ, ಒಂದೊಂದು ಮನೆಯಲ್ಲೂ (ಸೆಲ್‌ನಲ್ಲಿ) ಸಂಬಳ. 2010-11ರ ಕಾಲಮ್ಮಿನಲ್ಲಿ ಮನೆ ಖಾಲಿಯಾದಾಗಲೆಲ್ಲ ಅದಕ್ಕೆ ಹಸಿರು ಬಣ್ಣ ಹಚ್ಚುತ್ತಿದ್ದೆ. ಆ ದಿನ ಎರಡು ಮನೆ ಹಸಿರಾದವು. ತಂಡ ಗೆದ್ದಷ್ಟೇ ಖುಷಿಯಾಯಿತು.

ಇಲ್ಲೇ ನಾನು ತಪ್ಪಿದ್ದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದೇ ಜಾಗದಲ್ಲಿ ನಿಂತಿದ್ದೀರಿ.

2010-11ಕ್ಕೆ ಒಂದು ತಂಡದ ಸಂಬಳದ ಮಿತಿ ಸುಮಾರು 5.8 ಕೋಟಿ ಡಾಲರ್. ಲೆಬ್ರಾನ್‌ನಂಥವನಿಗೆ ಮೊದಲ ವರ್ಷ 1.6 ಕೋಟಿಗಿಂತ ಸ್ವಲ್ಪ ಜಾಸ್ತಿ ಬೇಕು. ಇಬ್ಬರು ಸ್ಟಾರ್ ಬೇಕೆಂದರೆ ಮಿತಿಯ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ನಿಕ್ಸ್‌ಗೆ ಕೊನೆಯಲ್ಲಿ ಅಡ್ಡ ಬಂದದ್ದು ಜೇರೆಡ್ ಜೆಫ್ರೀಸ್‌ನ ಕಾಂಟ್ರ್ಯಾಕ್ಟ್, ಇನ್ನೊಂದು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್. 2010ರ ಫೆಬ್ರವರಿಯಲ್ಲಿ ಅವನನ್ನು ಹ್ಯೂಸ್ಟನ್‌ಗೆ ದಾಟಿಸಿದರು. ದಾಟಿಸಲು ಏನೇನು ಕೊಟ್ಟರು ನೋಡಿ. ಎಂಟು ತಿಂಗಳ ಹಿಂದಷ್ಟೇ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವುದು) 8ನೆಯವನಾಗಿ ಆರಿಸಿದ್ದ ಜೋರ್ಡನ್ ಹಿಲ್. 2012ರ ಮೊದಲ ಸುತ್ತಿನ ಪಿಕ್, ಅಂದರೆ ಆ ವರ್ಷದ ಡ್ರಾಫ್ಟ್‌ನಲ್ಲಿ ಆರಿಸುವ ಸರದಿ. 2011ರ ಪಿಕ್ ಅದಲು ಬದಲು ಮಾಡಿಕೊಳ್ಳುವ ಹಕ್ಕು. 2009-10ರಲ್ಲಿ ತಂಡ ಸೋತದ್ದು 53 ಮ್ಯಾಚ್. ಅಷ್ಟು ಸೋತರೆ ಒಳ್ಳೆಯ ಪಿಕ್ ಆದರೂ ಸಿಗಬೇಕಲ್ವಾ? ಅದನ್ನೂ ಹಳೆಯ ಒಂದು ಟ್ರೇಡ್‌ನಲ್ಲಿ, ಅಂದರೆ ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ, ಬಿಟ್ಟುಕೊಟ್ಟಿದ್ದರು. ಅದು ಯೂಟಾಗೆ ಹೋಯಿತು, ಅವರು 9ನೇ ಪಿಕ್‌ನಲ್ಲಿ ಗಾರ್ಡನ್ ಹೇವರ್ಡ್‌ನನ್ನು ಆರಿಸಿಕೊಂಡರು.

ಇಷ್ಟೆಲ್ಲ ಕೊಟ್ಟದ್ದು ಒಂದು ಖಾಲಿ ಮನೆಗೆ. ನಾನು ಅದಕ್ಕೂ ಹಸಿರು ಹಚ್ಚಿದೆ. ಛತ್ರ ಬುಕ್ ಮಾಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಗಂಡು ಹುಡುಕುವ ಮದುವೆ ಅದು.

ನನ್ನ ಹಾಳೆಯಲ್ಲಿ ಎರಡು ಸಂಗತಿಗಳಿಗೆ ಜಾಗವೇ ಇರಲಿಲ್ಲ. ಮೊದಲನೆಯದು, ಕ್ಯಾಪ್ ಸ್ಪೇಸ್ ನಮ್ಮೊಬ್ಬರ ಹತ್ತಿರ ಇದ್ದದ್ದಲ್ಲ. ಮಯಾಮಿಗೆ ಇತ್ತು, ಶಿಕಾಗೊಗೆ ಇತ್ತು, ಆಗಿನ ನ್ಯೂಜೆರ್ಸಿ ನೆಟ್ಸ್‌ಗೆ ಇತ್ತು, ಕ್ಲಿಪ್ಪರ್ಸ್‌ಗೂ ಇತ್ತು. ಎಲ್ಲರ ಹತ್ತಿರವೂ ಅದೇ ದುಡ್ಡು, ಕೊಡಬಹುದಾದ ಗರಿಷ್ಠ ಸಂಬಳವೂ ಅದೇ. ಹಾಗಿರುವಾಗ ಆಟಗಾರ ನೋಡುವುದು ಉಳಿದದ್ದನ್ನು: ನನ್ನ ಪಕ್ಕ ಯಾರು ಆಡುತ್ತಾರೆ? ಮಯಾಮಿಯಲ್ಲಿ ಡ್ವೇನ್ ವೇಡ್ ಇದ್ದ. ಶಿಕಾಗೊದಲ್ಲಿ ಡೆರಿಕ್ ರೋಸ್, ಜೋಕಿಮ್ ನೋವಾ ಇದ್ದರು. ನಮ್ಮಲ್ಲಿ ಜಾಗ ಇತ್ತು, ಆದರೆ ಜೊತೆಗೆ ಆಡುವವರನ್ನು ಆ ಜಾಗಕ್ಕಾಗಿಯೇ ಕಳಿಸಿದ್ದೆವು.

ಎರಡನೆಯದು ಇನ್ನೂ ನೋವಿನ ವಿಷಯ, ಯಾಕೆಂದರೆ ಅದು ಕಣ್ಣೆದುರಿಗೇ ಇತ್ತು. ಲೆಬ್ರಾನ್, ವೇಡ್, ಕ್ರಿಸ್ ಬಾಷ್ ಮೂವರೂ 2003ರ ಡ್ರಾಫ್ಟ್‌ನವರು. 2006ರಲ್ಲಿ ಮೂವರೂ ಉದ್ದದ ಕಾಂಟ್ರ್ಯಾಕ್ಟ್ ಬೇಡ ಅಂತ, 2010ರಲ್ಲಿ ಹೊರಬರಲು ಆಗುವಂಥ ಚಿಕ್ಕ ಕಾಂಟ್ರ್ಯಾಕ್ಟಿಗೇ ಸಹಿ ಹಾಕಿದ್ದರು. ಅದೇ ಡ್ರಾಫ್ಟ್‌ನ ಕಾರ್ಮೆಲೊ ಆಂಥನಿ ಉದ್ದದ್ದನ್ನು ತೆಗೆದುಕೊಂಡ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆ ಮೂವರೂ ಒಟ್ಟಿಗೆ ಆಡಿ ಚಿನ್ನ ಗೆದ್ದರು. ಇದ್ಯಾವುದೂ ಗುಟ್ಟಲ್ಲ, ಪೇಪರಿನಲ್ಲಿ ಬಂದಿತ್ತು. ನಾನು ಓದಿಯೂ ಇದ್ದೆ. ಆದರೆ ಸಂಬಳದ ಹಾಳೆಯಲ್ಲಿ ಸ್ನೇಹವನ್ನು ಎಲ್ಲಿ ಬರೆಯುವುದು?

2010ರ ಜುಲೈ 8ರ ರಾತ್ರಿ ಟಿವಿಯಲ್ಲಿ ಲೆಬ್ರಾನ್ ಮಯಾಮಿಗೆ ಹೋಗುತ್ತೇನೆ ಅಂದ. ಅದಕ್ಕೆ ಮೂರು ದಿನ ಮುಂಚೆಯೇ ನಿಕ್ಸ್ ಅಮಾರೆ ಸ್ಟೌಡಮೈರ್‌ಗೆ 5 ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ಒಪ್ಪಿಕೊಂಡಾಗಿತ್ತು. ಮೊಣಕಾಲಿನ ಭಯಕ್ಕೆ ಅವನ ಹಳೆಯ ತಂಡ ಫೀನಿಕ್ಸ್ ಅಷ್ಟೂ ವರ್ಷಕ್ಕೆ ಗ್ಯಾರಂಟಿ ಕೊಡಲು ಹಿಂಜರಿದಿತ್ತು. ಮೊದಲ ವರ್ಷ ಅವನು ಅದ್ಭುತವಾಗಿ ಆಡಿದ, ಅದನ್ನು ನಾನು ಮರೆಯುವುದಿಲ್ಲ. ಆಮೇಲೆ ದೇಹ ಕೈಕೊಟ್ಟಿತು, 2015ರ ಫೆಬ್ರವರಿಯಲ್ಲಿ ತಂಡ ಅವನನ್ನು ಬಿಟ್ಟಿತು.

ನಾನು ಹಸಿರು ಹಚ್ಚಿದ್ದ ಆ ಇಬ್ಬರು ಏನಾದರು ಗೊತ್ತಾ? ಕ್ರಾಫರ್ಡ್ 2010ರಲ್ಲಿ ಅಟ್ಲಾಂಟಾ ಪರ ಆಡಿ, ಬೆಂಚಿನಿಂದ ಬರುವ ಅತ್ಯುತ್ತಮ ಆಟಗಾರನ ಪ್ರಶಸ್ತಿ ಗೆದ್ದ. ರ್‍ಯಾಂಡಾಲ್ಫ್ ಅದೇ ವರ್ಷ ಮೆಂಫಿಸ್‌ನಿಂದ ಆಲ್‌ಸ್ಟಾರ್ ಆದ. 2011ರ ಪ್ಲೇಆಫ್‌ನಲ್ಲಿ 8ನೇ ಸ್ಥಾನದ ಮೆಂಫಿಸ್ ಮೊದಲ ಸ್ಥಾನದ ಸ್ಯಾನ್ ಆಂಟೋನಿಯೊವನ್ನು ಮನೆಗೆ ಕಳಿಸಿದಾಗ ಮುಂದೆ ನಿಂತವನು ಅವನೇ. ನನಗೆ ಅವರಿಬ್ಬರೂ ಬರೀ ಅಂಕಿಗಳಾಗಿಬಿಟ್ಟಿದ್ದರು. ಗಾರ್ಡನ್‌ನ ಕೆಳಗೇ ಓಡಾಡಿಕೊಂಡು, ಮೇಲೆ ನಡೆಯುವ ಆಟವನ್ನು ಮನಸ್ಸಿಟ್ಟು ನೋಡಲಿಲ್ಲ. ಎರಡು ಸೀಸನ್ ಹಾಗೇ ಕಳೆದವು. ಅವು ವಾಪಸ್ ಬರುವುದಿಲ್ಲ.

ಆಗ ಟೆಕ್ಸಸ್‌ನಲ್ಲಿ ಧಾರವಾಡದ ಗೆಳೆಯನೊಬ್ಬ ಇದ್ದ, ಡಲ್ಲಾಸ್ ಮ್ಯಾವರಿಕ್ಸ್ ಅಂದರೆ ಪ್ರಾಣ. ಆ ಬೇಸಿಗೆ ಫೋನ್ ಮಾಡಿದಾಗ, "ನಮ್ ಕಡೆ ಏನೂ ಆಗಂಗಿಲ್ಲ ಬಿಡಪಾ, ಡರ್ಕ್ ಉಳದ್ರ ಸಾಕು" ಅಂದಿದ್ದ. ನನ್ನ ಹಾಳೆಯಲ್ಲಿ ಡಲ್ಲಾಸ್ ಹೆಸರೇ ಇರಲಿಲ್ಲ. ಡಲ್ಲಾಸ್ ಮಿತಿ ದಾಟಿದ ತಂಡ, ಅಂದಮೇಲೆ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ. ಆದರೆ ಎನ್‌ಬಿಎ ನಿಯಮದಲ್ಲಿ ತಂಡ ತನ್ನ ಹಳೆಯ ಆಟಗಾರನನ್ನು ಮಿತಿ ದಾಟಿಯೂ ಉಳಿಸಿಕೊಳ್ಳಬಹುದು. ಡರ್ಕ್ ನೊವಿಟ್ಸ್ಕಿ ಉಳಿದ. ಎರಿಕ್ ಡ್ಯಾಂಪಿಯರ್‌ನ ಕೊನೆಯ ವರ್ಷದ ಸಂಬಳಕ್ಕೆ ಗ್ಯಾರಂಟಿ ಇರಲಿಲ್ಲ, ಅಂದರೆ ಯಾವ ತಂಡ ಅವನನ್ನು ತೆಗೆದುಕೊಂಡರೂ ದುಡ್ಡು ಕೊಡದೆ ಬಿಟ್ಟುಬಿಡಬಹುದು. ಖರ್ಚು ಇಳಿಸಬೇಕಿದ್ದ ಶಾರ್ಲೆಟ್‌ಗೆ ಅದು ಬೇಕಿತ್ತು. ಅದನ್ನು ಕೊಟ್ಟು ಡಲ್ಲಾಸ್ ಟೈಸನ್ ಚಾಂಡ್ಲರ್‌ನನ್ನು ತಂದಿತು. ಮುಂದಿನ ಜೂನ್‌ನಲ್ಲಿ ಇವರೇ ಲೆಬ್ರಾನ್, ವೇಡ್, ಬಾಷ್ ಇದ್ದ ಮಯಾಮಿಯನ್ನು ಫೈನಲ್ಸ್‌ನಲ್ಲಿ 4-2ರಿಂದ ಸೋಲಿಸಿ ಕಪ್ ಎತ್ತಿದರು.

2019ರಲ್ಲಿ ಇದೇ ಕಥೆ ಮತ್ತೆ ನಡೆಯಿತು. ಜನವರಿ 31ಕ್ಕೆ ನಿಕ್ಸ್ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್‌ನನ್ನು ಡಲ್ಲಾಸ್‌ಗೆ ಕೊಟ್ಟು ಇಬ್ಬರು ಸ್ಟಾರ್‌ಗಳಿಗೆ ಜಾಗ ಮಾಡಿಕೊಂಡಿತು. ಆ ಸೀಸನ್ ಗೆದ್ದದ್ದು 17 ಮ್ಯಾಚ್. ಜೂನ್ 30ರ ಸಂಜೆ ಕೆವಿನ್ ಡ್ಯುರಾಂಟ್, ಕೈರಿ ಅರ್ವಿಂಗ್ ಇಬ್ಬರೂ ನಿಕ್ಸ್‌ಗೆ ಬರದೆ ನದಿಯಾಚೆಯ ಬ್ರೂಕ್ಲಿನ್ ನೆಟ್ಸ್‌ಗೆ ಹೋದರು. ಬ್ರೂಕ್ಲಿನ್ ಹತ್ತಿರ ವರ್ಷಗಟ್ಟಲೆ ಒಳ್ಳೆಯ ಪಿಕ್ಕೇ ಇರಲಿಲ್ಲ. ಅವರು ತಮ್ಮ ಕ್ಯಾಪ್ ಸ್ಪೇಸನ್ನು ಸ್ಟಾರ್‌ಗಾಗಿ ಕಾದಿಡಲಿಲ್ಲ. 2016ರಲ್ಲಿ ಸಂಬಳದ ಮಿತಿ 7 ಕೋಟಿಯಿಂದ 9.4 ಕೋಟಿಗೆ ಹಾರಿದಾಗ ಲೇಕರ್ಸ್ ಟಿಮೊಫಿ ಮೊಜ್ಗೊವ್‌ಗೆ 4 ವರ್ಷಕ್ಕೆ 6.4 ಕೋಟಿ ಕೊಟ್ಟಿತ್ತು. ಮರುವರ್ಷವೇ ಅದು ಭಾರವಾಯಿತು. ಆ ಭಾರವನ್ನು ಬ್ರೂಕ್ಲಿನ್ ಹೊತ್ತುಕೊಂಡಿತು, ಜೊತೆಗೆ ಡಿಆಂಜೆಲೊ ರಸೆಲ್‌ನನ್ನೂ ಪಡೆಯಿತು. ರಸೆಲ್ ಇದ್ದ ತಂಡ 2019ರಲ್ಲಿ 42 ಗೆದ್ದು ಪ್ಲೇಆಫ್‌ಗೆ ಹೋಯಿತು. ದೊಡ್ಡ ಹೆಸರುಗಳು ಆಮೇಲೆ ಬಂದವು. ಕಪ್ ಅವರಿಗೂ ಸಿಗಲಿಲ್ಲ, ಅದು ಬೇರೆ ಮಾತು. ಆದರೆ ಆಟಗಾರರು ಎಲ್ಲಿಗೆ ಹೋಗುತ್ತಾರೆ ಅನ್ನುವ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಬೇಸಿಗೆ ಕವಾಯ್ ಲೆನಾರ್ಡ್ ಕ್ಲಿಪ್ಪರ್ಸ್‌ಗೆ ಬರಬೇಕಾದರೆ ಪಾಲ್ ಜಾರ್ಜ್ ಕೂಡ ಬೇಕಿತ್ತು. ಅವನಿಗಾಗಿ ಕ್ಲಿಪ್ಪರ್ಸ್ ಒಕ್ಲಹೋಮಾ ಸಿಟಿಗೆ ಪಿಕ್‌ಗಳ ರಾಶಿಯ ಜೊತೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಅನ್ನುವ ಹುಡುಗನನ್ನು ಕೊಟ್ಟಿತು. 2025ರಲ್ಲಿ ಒಕ್ಲಹೋಮಾ ಸಿಟಿ ಚಾಂಪಿಯನ್, ಆ ಹುಡುಗ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ಅವತ್ತು ಎಲ್ಲರೂ ಆ ತಂಡದ ಕಥೆ ಮುಗಿಯಿತು ಅಂದಿದ್ದರು.

ಹಾಗಾಗಿ ನಿಮ್ಮ ಪಟ್ಟಿಯನ್ನೇ ನಾನು ಒಪ್ಪುವುದಿಲ್ಲ. ಸ್ಪೇಸ್ ಜಾಸ್ತಿ ಇದೆ ಅಂದರೆ, ಜಾಸ್ತಿ ದುಡ್ಡು ಕೊಟ್ಟು ಉಳಿಸಿಕೊಳ್ಳುವಂಥ ಆಟಗಾರರು ಅಲ್ಲಿಲ್ಲ ಅಂತಲೂ ಅರ್ಥ. ಅದೂ ಅಲ್ಲದೆ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಹೊಸ ಒಪ್ಪಂದದಲ್ಲಿ ಕಾಂಟ್ರ್ಯಾಕ್ಟ್ ಮುಗಿಯುವ ಮುಂಚೆಯೇ ಹಳೆಯ ಸಂಬಳದ ಶೇಕಡಾ 140ರವರೆಗೆ ಏರಿಸಿ ಮುಂದುವರಿಸಬಹುದು. ಸ್ಟಾರ್‌ಗಳು ಮಾರುಕಟ್ಟೆಗೆ ಬರುವುದೇ ಕಡಿಮೆಯಾಗಿದೆ. 2025ರ ಬೇಸಿಗೆಯಲ್ಲಿ ದೊಡ್ಡ ಸ್ಪೇಸ್ ಇದ್ದದ್ದು ಬ್ರೂಕ್ಲಿನ್‌ಗೆ. ಯಾವ ಸ್ಟಾರ್ ಕೂಡ ಸಹಿ ಹಾಕಲು ಬರಲಿಲ್ಲ. ಡೆನ್ವರ್‌ಗೆ ಭಾರವಾಗಿದ್ದ ಮೈಕಲ್ ಪೋರ್ಟರ್ ಜೂನಿಯರ್ ಕಾಂಟ್ರ್ಯಾಕ್ಟ್ ಹೊತ್ತುಕೊಂಡು, ಜೊತೆಗೆ 2032ರ ಪಿಕ್ ಇಸಿದುಕೊಂಡರು. ಇವತ್ತು ಕ್ಯಾಪ್ ಸ್ಪೇಸ್ ಕೆಲಸಕ್ಕೆ ಬರುವುದು ಹೆಚ್ಚಾಗಿ ಹೀಗೇ.

ಸುಮ್ನೆ ಮೊತ್ತ ನೋಡುವ ಬದಲು ಪ್ರತಿ ತಂಡದಲ್ಲಿ ಒಬ್ಬನನ್ನು ಹುಡುಕಿ: ಆಟಕ್ಕಿಂತ ಸಂಬಳ ಕಡಿಮೆ ಇರುವವನು ಯಾರು, ಇನ್ನೂ ಎಷ್ಟು ವರ್ಷ ಇರುತ್ತಾನೆ? ಆಮೇಲೆ ಯಾರಿಗೆ ಯಾರು ಹತ್ತಿರ ಅಂತ ನೋಡಿ. ಇದು ಹರಟೆಯ ವಿಷಯ ಅಂತ ತಳ್ಳಿಹಾಕಬೇಡಿ. 2022ರಲ್ಲಿ ಜೇಲನ್ ಬ್ರನ್ಸನ್ 4 ವರ್ಷಕ್ಕೆ 10.4 ಕೋಟಿಗೆ ನಿಕ್ಸ್‌ಗೆ ಬಂದ. ಅವನ ಅಪ್ಪ ರಿಕ್ ಬ್ರನ್ಸನ್ ಆ ಬೇಸಿಗೆಯೇ ನಿಕ್ಸ್‌ನ ಸಹಾಯಕ ಕೋಚ್ ಆಗಿದ್ದರು. ನಿಕ್ಸ್ ಅಧ್ಯಕ್ಷ ಲಿಯಾನ್ ರೋಸ್ ಹಿಂದೆ ಏಜೆಂಟ್ ಆಗಿದ್ದವರು, ಆ ಕುಟುಂಬಕ್ಕೆ ಹಳೆಯ ಪರಿಚಯ. ಎರಡನೇ ಸುತ್ತಿನಲ್ಲಿ ಆರಿಸಿದ ಹುಡುಗನಿಗೆ ಇಷ್ಟು ದುಡ್ಡಾ ಅಂತ ತುಂಬಾ ಜನ ಬೈದರು. 2025ರಲ್ಲಿ ನಿಕ್ಸ್ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್ (ಲೀಗ್‌ನ ಸೆಮಿಫೈನಲ್ ಇದ್ದ ಹಾಗೆ) ಆಡಿತು, 25 ವರ್ಷಗಳ ನಂತರ ಮೊದಲ ಸಲ. ಈ ಸಲ ಆ ತಂಡದ ಪ್ರತಿ ಮ್ಯಾಚೂ ನೋಡಿದ್ದೇನೆ, ಬೆಂಗಳೂರಿನಲ್ಲಿ ಬೆಳಗಿನ ಜಾವ ಎದ್ದು ಕೂತು.

ಒಂದು ತಂಡ ಹೇಳಲೇಬೇಕು ಅಂದರೆ, ನಿಮ್ಮ ಪಟ್ಟಿಯ ಮೇಲಿನವರನ್ನು ಬಿಟ್ಟು, ಹೋದ ವರ್ಷ 45 ಮ್ಯಾಚ್‌ಗಳ ಆಸುಪಾಸು ಗೆದ್ದು ಮುಖ್ಯ ಆಟಗಾರರನ್ನು ಹಾಗೇ ಉಳಿಸಿಕೊಂಡಿರುವ ತಂಡ ಹುಡುಕಿ. ನನ್ನ ಭರವಸೆ ಅಂಥವರ ಮೇಲೆ.

ಫ್ರೀ ಏಜೆನ್ಸಿ ಶುರುವಾಗುವುದನ್ನು ನೋಡಲು ಜೂನ್ 30ರ ರಾತ್ರಿ ನಮ್ಮ ಕಾಲಮಾನದಲ್ಲಿ ಮೂರೂವರೆವರೆಗೆ ಎದ್ದಿರಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಮಲಗಿ. ಚಾಂಡ್ಲರ್ ಡಲ್ಲಾಸ್‌ಗೆ ಹೋದದ್ದು 2010ರ ಜುಲೈ 13ಕ್ಕೆ, ಎಲ್ಲರೂ ಮಯಾಮಿ ಕಡೆ ನೋಡುತ್ತಿದ್ದಾಗ. ಜುಲೈ ಎರಡನೇ ವಾರದ ಚಿಕ್ಕ ಚಿಕ್ಕ ಟ್ರೇಡ್ ಸುದ್ದಿಗಳನ್ನು ಒಂದೂ ಬಿಡದೆ ಓದಿ.