ಡ್ರೋನ್ ಹಿಡಿದು ಪ್ರವಾಸ: ಎಲ್ಲಿ ಹಾರಿಸಬಹುದು?

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ಮಗ ಅರ್ಧ ಕಿಲೋ ತೂಕದ ಡ್ರೋನ್ ಕೊಡಿಸಿದ್ದಾನೆ. ನೋಂದಣಿಯೂ ಆಗಿದೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹಂಪಿ, ಕುದುರೆಮುಖ, ಕಾರವಾರಕ್ಕೆ ಹೋಗಬೇಕೆಂದಿದ್ದೇವೆ. ಅಲ್ಲೆಲ್ಲ ಹಾರಿಸಬಹುದೇ? ಯಾರನ್ನು ಕೇಳಬೇಕು?”

ಹೇಳುವುದಕ್ಕೆ ಬೇಜಾರು, ಆದರೆ ಈ ಮೂರು ಊರುಗಳನ್ನು ನಂಬಿಕೊಂಡು ಡ್ರೋನ್ ಕಟ್ಟಿಕೊಳ್ಳಬೇಡಿ. ಹಂಪಿಯ ಸ್ಮಾರಕಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಏರಿಸುವಂತಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ; ಅಲ್ಲಿ ಅರಣ್ಯ ಇಲಾಖೆಯ ಮಾತೇ ಕೊನೆ. ಕಾರವಾರದ ಪಕ್ಕದಲ್ಲೇ ಸೀಬರ್ಡ್ ನೌಕಾನೆಲೆ ಇದೆ, ಒಳನಾಡಿಗೆ ಹೋದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಅಂಥ ಕಡೆ ಸುಮ್ನೆ ಒಮ್ಮೆ ಹಾರಿಸಿ ನೋಡೋಣ ಅನ್ನುವ ಮಾತೇ ಬೇಡ.

ನಿಮ್ಮ ಪ್ರಶ್ನೆಗೆ ಮೊದಲ ಉತ್ತರ 2021ರ ಡ್ರೋನ್ ನಿಯಮಗಳಲ್ಲಿದೆ. ದೇಶದ ಆಕಾಶವನ್ನು ಕೆಂಪು, ಹಳದಿ, ಹಸಿರು ಎಂದು ಮೂರು ವಲಯಗಳಾಗಿ ಹಂಚಿ, ಸರ್ಕಾರ ‘ಡಿಜಿಟಲ್ ಸ್ಕೈ’ ಎಂಬ ತನ್ನ ಜಾಲತಾಣದ ನಕ್ಷೆಯಲ್ಲಿ ತೋರಿಸಿದೆ. ಹಸಿರಿನಲ್ಲಿ 400 ಅಡಿಯವರೆಗೆ ಹಾರಿಸಲು ವಾಯುಯಾನ ಇಲಾಖೆಯ ಅನುಮತಿ ಬೇಕಿಲ್ಲ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ ಒಪ್ಪಿಗೆ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿಯೇ ಆಗಬೇಕು. ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗಿದ್ದರೆ ಅನುಮತಿ ಬೇಕೇ ಬೇಕು. 8ರಿಂದ 12 ಕಿ.ಮೀ. ನಡುವೆ ಅನುಮತಿ ಇಲ್ಲದೆ 200 ಅಡಿ ದಾಟಬಾರದು. ಮನೆಯ ಹತ್ತಿರ ಅಭ್ಯಾಸ ಮಾಡುವಾಗಲೂ ಇದು ನೆನಪಿರಲಿ. ನಿಮ್ಮೂರಿನ ಸೋಗಾನೆಯಲ್ಲೂ 2023ರಿಂದ ವಿಮಾನ ಇಳಿಯುತ್ತಿದೆ ಅಲ್ವಾ?

ಆದರೆ ತುಂಬಾ ಜನ ಎಡವುವುದು ಹಸಿರಿನಲ್ಲೇ. ಆ ನಕ್ಷೆ ಹೇಳುವುದು ಆಕಾಶದ ಮಾತು ಮಾತ್ರ. ಕೆಳಗಿನ ನೆಲ ಇಲಾಖೆಯದೋ, ದೇವಸ್ಥಾನದ್ದೋ, ಯಾರದೋ ತೋಟವೋ ಆಗಿರುತ್ತದೆ. ಅವರ ನಿಯಮ ಬೇರೆ, ಅವರ ಒಪ್ಪಿಗೆಯೂ ಬೇಕು. ಸ್ಮಾರಕ ಮತ್ತು ಕಾಡಿನ ಮೇಲಿನ ಈ ನಿರ್ಬಂಧ ಸರಿಯಾಗಿಯೇ ಇದೆ ಎಂದು ನಾನು ನಂಬುತ್ತೇನೆ. ಗೂಡಿನಲ್ಲಿ ಮರಿ ಇರುವ ಹದ್ದಿಗೆ ನಮ್ಮ ಯಂತ್ರ ಶತ್ರುವಾಗಿಯೇ ಕಾಣುತ್ತದೆ. ಅದು ಮೇಲೆ ಬಿದ್ದರೆ ಹಕ್ಕಿಗೂ ಪೆಟ್ಟು, ಡ್ರೋನಿಗೂ ಪೆಟ್ಟು.

ಹಾಗಾದರೆ ಎಲ್ಲಿ? ಪ್ರವಾಸಿ ತಾಣಗಳ ನಡುವಿನ ದಾರಿಯಲ್ಲಿ ಹುಡುಕಿ. ಹಂಪಿ ನೋಡಿಕೊಂಡು ನದಿ ದಾಟಿ, ಆನೆಗೊಂದಿಯನ್ನೂ ಪಾರಂಪರಿಕ ಪ್ರದೇಶದ ಗಡಿಯನ್ನೂ ಕಳೆದು ಗಂಗಾವತಿ ಕಡೆ ಹೋದರೆ ಭತ್ತದ ಬಯಲು. ಅಲ್ಲಿ ನಿಂತು ನಕ್ಷೆ ತೆರೆಯಿರಿ. ಹಸಿರು ಕಂಡರೆ ಗದ್ದೆಯವರನ್ನು ಕೇಳಿ. “ಯಜಮಾನ್ರೇ, ಮಕ್ಕಳಿಗೆ ತೋರಿಸ್ಬೇಕು, ಇಲ್ಲಿ ಸ್ವಲ್ಪ ಹೊತ್ತು ಹಾರಿಸ್ಲಾ?” ಅಂದರೆ ಬಹಳ ಜನ ಒಪ್ಪುತ್ತಾರೆ, ಜೊತೆಗೆ ನಿಂತು ನೋಡುತ್ತಾರೆ ಕೂಡ. ಮೇಲಿನಿಂದ ಅವರ ಗದ್ದೆಯನ್ನು ಅವರಿಗೂ ತೋರಿಸಿ. ಸಾಗರ, ಸೊರಬ ಕಡೆ ನೆಂಟರ ಅಡಿಕೆ ತೋಟ ಇದ್ದರೆ ಇನ್ನೂ ಸುಲಭ. ಮರದ ಮೇಲೆ ಡ್ರೋನ್ ಕಣ್ಣಿಗೆ ಕಾಣುತ್ತಿರಬೇಕು, ಅಷ್ಟೇ.

ನಕ್ಷೆಯನ್ನು ಹೊರಡುವ ಮುಂಚೆ ಒಮ್ಮೆ, ಹಾರಿಸುವ ದಿನ ಮತ್ತೊಮ್ಮೆ ನೋಡಿ. ಜಾತ್ರೆ, ಗಣ್ಯರ ಭೇಟಿ, ದಸರಾದಂಥ ಸಂದರ್ಭಗಳಲ್ಲಿ ರಾಜ್ಯ ಸರ್ಕಾರ ಅಥವಾ ಪೊಲೀಸರು ಒಂದು ಪ್ರದೇಶವನ್ನು ಒಂದು ಸಲಕ್ಕೆ 96 ಗಂಟೆಯವರೆಗೆ ಕೆಂಪು ವಲಯ ಮಾಡಬಹುದು. ಅನುಮಾನ ಬಂದರೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಕೇಳಿಬಿಡಿ. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನಿಮ್ಮದು 250 ಗ್ರಾಂನಿಂದ 2 ಕಿಲೋ ಒಳಗಿನ ಮೈಕ್ರೋ ಡ್ರೋನ್. ಖುಷಿಗೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಬೇಕು. ಪತ್ರದಲ್ಲಿ ಅದರ ಮಾತಿಲ್ಲ, ಮಗನನ್ನು ಕೇಳಿ ನೋಡಿ. ವಿಮೆಯ ಪ್ರತಿ, ನೋಂದಣಿ ಸಂಖ್ಯೆ, ಆ ದಿನದ ನಕ್ಷೆಯ ಸ್ಕ್ರೀನ್‌ಶಾಟ್ ಮೂರೂ ಫೋನಿನಲ್ಲಿರಲಿ. ಯಾರಾದರೂ ಬಂದು ವಿಚಾರಿಸಿದರೆ ಮೊದಲು ಡ್ರೋನ್ ಇಳಿಸಿ, ಆಮೇಲೆ ಅವನ್ನು ತೋರಿಸಿ.

– ಸಂಪಾದಕ