7 ವರ್ಷದ ಬಣ್ಣ ಎರಡೇ ಮಳೆಗಾಲಕ್ಕೆ ಎದ್ದದ್ದೇಕೆ?

ಪ್ರಶ್ನೆ: ನಮ್ಮ ಕೆಂಪುಕಲ್ಲಿನ ಮನೆಗೆ ಸಿಮೆಂಟಿನ ಸಾರಣೆ ಮಾಡಿಸಿದ ಎರಡೇ ವಾರಕ್ಕೆ ಹೊರಗೋಡೆಯ ಎಮಲ್ಷನ್ ಹೊಡೆಸಿದೆವು. ಡಬ್ಬಿಯ ಮೇಲೆ 7 ವರ್ಷದ ವಾರಂಟಿ ಇತ್ತು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಪಡುವಣ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿದೆ. ಇವರು ಬಣ್ಣವನ್ನು ಪರೀಕ್ಷಿಸಿಯೇ ಮಾರುತ್ತಾರೆಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಪರೀಕ್ಷೆ ನಡೆಯುತ್ತದೆ, ಅದೂ ಕಠಿಣವಾಗಿಯೇ. ಬಣ್ಣ ಬಳಿದ ಫಲಕಗಳನ್ನು ಯಂತ್ರದೊಳಗೆ ನಿಲ್ಲಿಸಿ, ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮದಂತೆ, 8 ಗಂಟೆ ಕಾಲ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೇರಳಾತೀತ ದೀಪಕ್ಕೆ ಒಡ್ಡುತ್ತಾರೆ. ಬಳಿಕ ದೀಪ ಆರಿಸಿ, 4 ಗಂಟೆ ಕಾಲ 50 ಡಿಗ್ರಿಯಲ್ಲಿ ನೀರಿನ ಆವಿ ಇಬ್ಬನಿಯಾಗಿ ಫಲಕದ ಮೇಲೆ ಕೂರುವಂತೆ ಮಾಡುತ್ತಾರೆ. ಹೀಗೆ ನೂರಾರು, ಕೆಲವೊಮ್ಮೆ ಸಾವಿರಾರು ಗಂಟೆ. ಆದರೆ ಯಂತ್ರದ ಇಷ್ಟು ಗಂಟೆ ಬಯಲಿನ ಇಷ್ಟು ವರ್ಷಕ್ಕೆ ಸಮ ಎಂದು ಲೆಕ್ಕ ಕಟ್ಟಲು ಬರುವುದಿಲ್ಲವಾದ್ದರಿಂದ, ಬಿಸಿಲೂ ತೇವವೂ ಹೆಚ್ಚಿರುವ ದಕ್ಷಿಣ ಫ್ಲಾರಿಡಾದಂತಹ ಕಡೆಗಳಲ್ಲಿ ಫಲಕಗಳನ್ನು ವರ್ಷಗಟ್ಟಲೆ ಬಯಲಿನಲ್ಲಿ ಇಟ್ಟೂ ನೋಡುತ್ತಾರೆ.

ಇಷ್ಟಾದರೂ ಆ ಫಲಕ ನಿಮ್ಮ ಗೋಡೆಯಲ್ಲ. ಅದರ ಬೆನ್ನಿಗೆ ಮಳೆನೀರು ಕುಡಿದ ಕಲ್ಲು ಇರುವುದಿಲ್ಲ.

ದೋಷ ಎಲ್ಲಿಯದೆಂದು ನೀವೇ ನೋಡಬಹುದು. ಬಣ್ಣ ಗಟ್ಟಿಯಾಗಿ ಉಳಿದಿರುವ ಕಡೆ ಒಣ ಹೆಬ್ಬೆರಳಿನಿಂದ ಉಜ್ಜಿ. ಬೆರಳಿಗೆ ಸುಣ್ಣದಂತಹ ಪುಡಿ ಹತ್ತಿದರೆ, ಬಣ್ಣದ ಕಣಗಳನ್ನು ಹಿಡಿದಿಡುವ ಅಂಟು ಬಿಸಿಲಿಗೆ ಸೋತಿದೆ ಎಂದರ್ಥ. ಅಂಟು ಕಡಿಮೆ ಹಾಕಿದಾಗಲೂ, ಬಿಳುಪಿಗಾಗಿ ರೂಟೈಲ್ ಬಗೆಯ ಟೈಟಾನಿಯಂ ಡೈಆಕ್ಸೈಡ್ ಬದಲು ಅಗ್ಗದ ಅನಟೇಸ್ ಬಗೆಯನ್ನು ಬೆರೆಸಿದಾಗಲೂ ಹೀಗಾಗುತ್ತದೆ. ಇದು ಬಣ್ಣದ ತಪ್ಪೇ ಸರಿ. ಎದ್ದಿರುವ ಒಂದು ಸಿಪ್ಪೆಯನ್ನು ಕಿತ್ತು ಮಗುಚಿಯೂ ನೋಡಿ. ಹಿಂಬದಿಯಲ್ಲಿ ಬಿಳಿಯ ಉಪ್ಪು ಕಂಡರೆ ನೀರು ಗೋಡೆಯ ಒಳಗಿನಿಂದ ಬಂದು ಬಣ್ಣವನ್ನು ತಳ್ಳಿದೆ. ನೀವು ಬರೆದಿರುವ ಲಕ್ಷಣ ಇದನ್ನೇ ಹೋಲುತ್ತದೆ. ನೈಋತ್ಯ ಮುಂಗಾರಿನ ಎರಚಲು ನೇರವಾಗಿ ಹೊಡೆಯುವುದೂ ಪಡುವಣ ಗೋಡೆಗೇ. ಜೊತೆಗೆ, ಹೊಸ ಸಾರಣೆಯ ಕ್ಷಾರ ಬಹಳ ತೀಕ್ಷ್ಣವಾದದ್ದು. ಕನಿಷ್ಠ 28 ದಿನ ಬಿಡಬೇಕಾದ ಗೋಡೆಗೆ ಎರಡು ವಾರಕ್ಕೇ ಬಣ್ಣ ಬಳಿದದ್ದು ಆತುರವಾಯಿತು ಎಂದು ಹೇಳಲೇಬೇಕಾಗಿದೆ.

ಈಗ ಸಡಿಲವಾದದ್ದನ್ನೆಲ್ಲ ಕೆರೆಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆಸಿ, ಪ್ಯಾರಪೆಟ್ ತಲೆಯ ಮತ್ತು ಸಜ್ಜದ ಬುಡದ ಬಿರುಕುಗಳನ್ನು ಮುಚ್ಚಿಸಿ ಗೋಡೆಯನ್ನು ಬಿಸಿಲಿಗೆ ಬಿಡಿ. ಜನವರಿಯ ಹೊತ್ತಿಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿ. ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಹಾಳೆಯೂ ಗೋಡೆಯೂ ಒಣಗಿದ್ದರೆ ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟ್, ಅದರ ಮೇಲೆ ಎಮಲ್ಷನ್ ಎರಡು ಕೋಟ್ ಹೊಡೆಸಿ. ಪೇಂಟರ್ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೆರೆಸದಂತೆ ಹತ್ತಿರವೇ ನಿಂತು ನೋಡಿಕೊಳ್ಳಿ.